ಎಡದಿಂದ ಮೂರನೆಯ ಗಾಜು

೨೦೦೬ರ ಆಗಸ್ಟ್ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ನಾನು ಗೋಥೆನ್‌ಬರ್ಗ್ ಊರಿನ ನದಿದಂಡೆಯಲ್ಲಿರುವ ಕೆಂಪು ಬಿಳಿ ಪಟ್ಟೆಯ ಎತ್ತರದ ಕಟ್ಟಡದ ಕೊನೆಯ ಮಹಡಿಯಲ್ಲಿದ್ದೆ. ನದಿಯ ಕಡೆಯ ಗೋಡೆಯಲ್ಲಿ ಎಡದಿಂದ ಮೂರನೆಯ ಗಾಜಿನ ಮುಂದೆ ನಿಂತಿದ್ದೆ. ಗಾಜಿಗೂ ನನ್ನ ಎದೆಗೂ ಒಂದು ಮೊಳ ಅಂತರವಿತ್ತು. ನನ್ನ ಎಡಕ್ಕೆ ಹೆಂಡತಿ ತನ್ನ ಹಳದಿ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಗಾಜಿಗೆ ಒತ್ತಿ ಹಿಡಿದಿದ್ದಳು. ಬಲಕ್ಕೆ, ಊರು ನೋಡಲು ಬರುವವರಿಗಾಗಿ ಕಂಬದ ಮೇಲೆ ಕೂರಿಸಿದ ದೂರದರ್ಶಕವಿತ್ತು. ನನ್ನ ತಲೆಯ ಮೇಲೆ ನೀಲಿ ಟೋಪಿಯಿತ್ತು. ಇಷ್ಟನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಇದರಲ್ಲಿ ಯಾವುದಾದರೂ ಒಂದು ಬೇರೆಯಾಗಿದ್ದರೂ ಮುಂದಿನದು ಹಾಗೆ ನಡೆಯುತ್ತಿರಲಿಲ್ಲ.

ಆಗ ನಾನು ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದೆ, ಬಾಗಿಲುಗಳ ವಿಭಾಗದಲ್ಲಿ. ಹೆಂಡತಿ ಬೆಂಗಳೂರಿನವಳು. ನನ್ನ ಊರು ಕುಂದಾಪುರದ ಕಡೆ, ಕಡಲಿನ ಬದಿ. ನನಗಿಂತ ಆರು ವರ್ಷ ಚಿಕ್ಕವನಾದ ತಮ್ಮ ಸರಕು ಹಡಗಿನಲ್ಲಿ ಡೆಕ್ಕಿನ ಕೆಲಸಕ್ಕಿದ್ದ. ಅವನದು ಒಂಬತ್ತು ತಿಂಗಳ ಕರಾರು. ಅದರಲ್ಲಿ ಐದು ತಿಂಗಳು ಕಳೆದಿತ್ತು.

ಆ ಶನಿವಾರಕ್ಕೆ ಇಪ್ಪತ್ನಾಲ್ಕು ದಿನ ಮೊದಲು ಊರಿನಲ್ಲಿ ನಮ್ಮ ಅಮ್ಮ ತೀರಿಕೊಂಡಿದ್ದಳು. ಅದು ತಮ್ಮನಿಗೆ ಗೊತ್ತಿರಲಿಲ್ಲ. ನಾವು ಹೇಳಿರಲಿಲ್ಲ.

ಹೇಳದಿರುವುದು ನಮ್ಮ ಮನೆಯ ಪದ್ಧತಿ. ನಮ್ಮ ಅಜ್ಜ ಮಂಜಿಯಲ್ಲಿ ಹೆಂಚು ತುಂಬಿಕೊಂಡು ಮುಂಬಯಿಯವರೆಗೆ ಹೋಗುತ್ತಿದ್ದವರು. ಹಾಯಿ ಕಟ್ಟಿದ ಆ ಮರದ ಹಡಗುಗಳ ಕಾಲದಲ್ಲಿ, ನೀರಿನ ಮೇಲಿರುವ ಗಂಡಸಿಗೆ ಮನೆಯ ಸಾವನ್ನು ತಿಳಿಸುತ್ತಿರಲಿಲ್ಲ. ಅವನು ದಡ ಹತ್ತಿ, ಕಾಲು ತೊಳೆದು, ಒಂದು ಲೋಟ ನೀರು ಕುಡಿದ ಮೇಲೆ ಹಿರಿಯರೊಬ್ಬರು ಹೇಳುತ್ತಿದ್ದರು. ಸುದ್ದಿ ಕೇಳಿದವನ ಕೈ ಹಗ್ಗದ ಮೇಲೆ ನಿಲ್ಲುವುದಿಲ್ಲ, ಕಾಲು ಹಲಗೆಯ ಮೇಲೆ ನಿಲ್ಲುವುದಿಲ್ಲ ಎಂಬುದು ಕಾರಣ. ನಾನು ಊರು ಮುಟ್ಟಿದ ದಿನ ಸೋದರಮಾವ ಅಂಗಳದಲ್ಲೇ ನನ್ನನ್ನು ನಿಲ್ಲಿಸಿ ಹೇಳಿದರು.

"ತಮ್ಮಂಗೆ ಈಗ ಹೇಳುಕಾಗ. ಹೇಳಿರೂ ಅವ ಬಪ್ಪುಕೆ ಆತ್ತಿಲ್ಲೆ. ಕಾಲ್ ನೆಲಕ್ಕೆ ತಾಗ್ಲಿ, ನಾನೇ ಹೇಳ್ತೆ."

ಅಪ್ಪ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನಾನು ಆಯಿತು ಎಂದೆ. ಹತ್ತನೆಯ ದಿನ ತಲೆ ಬೋಳಿಸಿಕೊಂಡೆ. ಹದಿಮೂರನೆಯ ದಿನದ ಊಟ ಮುಗಿಸಿ, ಮೂರು ದಿನ ಬಿಟ್ಟು ವಿಮಾನ ಹತ್ತಿದೆ.

ಆಗ ಯೋಚಿಸದ ಒಂದು ಸಂಗತಿ ಈಗ ಸ್ಪಷ್ಟವಾಗಿ ಕಾಣುತ್ತದೆ. ಅಜ್ಜನ ಕಾಲದಲ್ಲಿ ಹೇಳದಿರುವುದಕ್ಕೆ ಯಾರೂ ಏನೂ ಮಾಡಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ನನ್ನ ಜೇಬಿನಲ್ಲಿ ಮೊಬೈಲ್ ಇತ್ತು. ಅದು ರಿಂಗಾಗುತ್ತಿತ್ತು.

ಮೊದಲ ಸಲ ಅದು ರಿಂಗಾದದ್ದು ಊರಿನಲ್ಲೇ, ಕ್ರಿಯೆಯ ಆರನೆಯ ದಿನ. ತಮ್ಮ ಯಾವುದೋ ಬಂದರಿನಿಂದ ನನ್ನ ಸ್ವೀಡನ್ ನಂಬರಿಗೆ ಕರೆ ಮಾಡಿದ್ದ. ನಾನು ಬಾವಿಯ ಹಿಂದಕ್ಕೆ ಹೋಗಿ ನಿಂತು, ಫ್ಯಾಕ್ಟರಿಯಲ್ಲಿದ್ದೇನೆ ಎಂದೆ. ಮನೆಗೆ ಫೋನ್ ಹಾಕಿದರೆ ಯಾರೂ ಎತ್ತುವುದಿಲ್ಲ ಎಂದ. ಮಳೆಗೆ ಲೈನ್ ಹೋಗಿದೆ ಎಂದೆ. ಲೈನನ್ನು ಮಾವ ತೆಗೆದಿಟ್ಟಿದ್ದರು.

ಎರಡನೆಯ ಸಲ ರಿಂಗಾದಾಗ ನಾನು ಸ್ವೀಡನ್ನಿಗೆ ಮರಳಿ ಎರಡು ದಿನವಾಗಿತ್ತು. ಅವನ ದನಿಯಲ್ಲಿ ನಾಚಿಕೆಯಿತ್ತು.

"ಅಣ್ಣಯ್ಯ, ಅಮ್ಮಂಗೆ ಒಂದ್ ಮಾತ್ ಹೇಳ್. ಆ ಹೆಣ್ಣ್ ಆಯ್ಲಿ ಅಂತ ಹೇಳ್. ನಂಗೆ ಒಪ್ಗಿ."

ಅಮ್ಮ ಮೂರು ವರ್ಷದಿಂದ ಅವನ ಮದುವೆಗೆ ಹಟ ಹಿಡಿದಿದ್ದಳು. ಪ್ರತಿ ಸಲ ಅವನು ಹಡಗು ಹತ್ತುವ ಹಿಂದಿನ ದಿನ ಆ ಮಾತಿನಿಂದಲೇ ಜಗಳವಾಗುತ್ತಿತ್ತು. ಈ ಸಲವೂ ಆಗಿತ್ತು. ಅವನು ಸರಿಯಾಗಿ ಮಾತಾಡದೆ ಹೊರಟಿದ್ದ ಎಂದು ಅಮ್ಮ ನನಗೆ ಫೋನಿನಲ್ಲಿ ಹೇಳಿದ್ದಳು. ನಾನು ತಮ್ಮನಿಗೆ, ಪಕ್ಕದ ಮನೆಗೆ ಫೋನ್ ಮಾಡಿ ಸಂಜೆಯೇ ಹೇಳುತ್ತೇನೆ ಎಂದೆ.

ಮೂರನೆಯ ಕರೆ ಆ ಶನಿವಾರದ ಹಿಂದಿನ ದಿನ ಸಂಜೆ ಬಂತು. ಅವನ ಹಡಗು ಸ್ವೀಡನ್ನಿಗೇ ಬಂದಿತ್ತು. ನದಿಯಲ್ಲಿ ಮೇಲಕ್ಕೆ ಹೋಗಿ, ಒಳನಾಡಿನ ದೊಡ್ಡ ಸರೋವರದ ಬಂದರಿನಲ್ಲಿ ಮರ ತುಂಬಿಕೊಂಡು ಹೊರಟು ನಿಂತಿತ್ತು. ಸಿಮ್ ಕಾರ್ಡು ಸಿಗದೆ ಅವನಿಗೆ ಅಷ್ಟು ದಿನ ಫೋನ್ ಮಾಡಲಾಗಿರಲಿಲ್ಲ.

"ನಾಳೆ ಮಧ್ಯಾಹ್ನ ನಿನ್ನ ಊರಿನ ಸೇತುವೆ ಅಡಿ ಬತ್ತೆ. ನಿಲ್ಲೂದಿಲ್ಲೆ. ಸೀದಾ ಸಮುದ್ರಕ್ಕೆ. ಎತ್ತರದಲ್ಲಿ ಎಲ್ಲಾದ್ರೂ ನಿಂತ್ರೆ ಕಾಣ್ಲಕ್ಕ್." ಆಮೇಲೆ ಕೇಳಿದ. "ಅಮ್ಮಂಗೆ ಹೇಳ್ದ್ಯಾ?"

"ಹೇಳ್ದೆ."

"ಎಂತ ಅಂದ್ಳ್?"

"ಖುಷಿ ಆಯ್ತ್ ಅವಳಿಗೆ. ಈಗಾದ್ರೂ ಬುದ್ಧಿ ಬಂತಲ್ಲ ಅಂದ್ಳ್."

ಅದು ಅಮ್ಮನ ಮಾತಿನ ರೀತಿಯೇ. ಅವಳು ಇದ್ದಿದ್ದರೆ ಅದನ್ನೇ ಹೇಳುತ್ತಿದ್ದಳು. ತಮ್ಮ ಬಹಳ ಹೊತ್ತು ನಕ್ಕ. ನಾನೂ ನಕ್ಕೆ. ಫೋನ್ ಇಟ್ಟು ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ಹೇಳ್ಬಿಟ್ಟು ಹೋಗೋಣ," ಎಂದಳು. "ಇಲ್ಲಾಂದ್ರೆ ಹೋಗೋದೇ ಬೇಡ. ಹೆಂಗ್ರೀ ಕೈ ಬೀಸ್ತೀರಾ?"

"ಮಾವ ಏನು ಹೇಳಿದಾರೆ ಅಂತ ನಿಂಗೆ ಗೊತ್ತಲ್ಲ."

"ಹೇಳ್ಬೇಡ ಅಂದ್ರು. ಅತ್ತೆ ಹೆಸ್ರಲ್ಲಿ ಡೈಲಾಗ್ ಹೊಡಿ ಅಂತ ನಿಮ್ಮ ಮಾವ ಹೇಳಿದ್ರಾ? ಅದು ನಿಮ್ದೇ."

ಐದು ತಿಂಗಳಿಂದ ನೋಡದ ತಮ್ಮನನ್ನು ನೋಡಬೇಕಿತ್ತು, ಅಷ್ಟೇ. ಅಮ್ಮ ಹೋದ ಮೇಲೆ ಅವನನ್ನು ಕಣ್ಣಿನಿಂದ ಒಮ್ಮೆ ನೋಡಿದರೆ ಎದೆಯ ಭಾರ ಇಳಿಯಬಹುದು ಎನಿಸಿತ್ತು. ಬೆಳಿಗ್ಗೆ ನಾನು ಬೂಟು ಹಾಕಿಕೊಳ್ಳುವಾಗ ಅವಳು ಬೀರುವಿನಿಂದ ಹಳದಿ ಸೀರೆ ತೆಗೆದು ಚೀಲಕ್ಕೆ ಹಾಕಿದಳು. "ಅಷ್ಟು ದೂರದಿಂದ ಗುರುತು ಸಿಗೋಕೆ ಏನಾದ್ರೂ ಬೇಕಲ್ಲ," ಎಂದಳು. ಆ ವಿಷಯ ಮತ್ತೆ ಎತ್ತಲಿಲ್ಲ.

ಟೋಪಿಯ ಬಗ್ಗೆಯೂ ಹೇಳಬೇಕು. ಅದನ್ನು ಹಾಕಿಕೊಂಡದ್ದು ತಮ್ಮನಿಗಾಗಿ ಅಲ್ಲ. ಆ ವಾರ ಕಾರ್ಖಾನೆಯಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ, ಅವರು ಫೀಕಾ ಎನ್ನುವ ಆ ಹದಿನೈದು ನಿಮಿಷದಲ್ಲಿ, ಸಹೋದ್ಯೋಗಿಯೊಬ್ಬ ನನ್ನ ತಲೆ ನೋಡಿ, ಬೇಸಿಗೆಗೆ ತುಂಬ ಚೆನ್ನಾಗಿದೆ ಎಂದಿದ್ದ. ನಾನು ಥ್ಯಾಂಕ್ಸ್ ಎಂದಿದ್ದೆ. ಅದಾದ ಮೇಲೆ ಟೋಪಿ ಹಾಕಲು ಶುರುಮಾಡಿದೆ. ಈ ಊರಿನಲ್ಲಿ ಬೋಳುತಲೆ ಎಂದರೆ ಕ್ಷೌರ. ಇನ್ನೇನೂ ಅಲ್ಲ. ಅದನ್ನು ಬೇರೆ ರೀತಿ ಓದಬಲ್ಲವನು ಆ ದಿನ ನದಿಯಲ್ಲಿ ಒಬ್ಬನೇ ಇದ್ದ. ಅವನು ದೂರದಲ್ಲಿರುತ್ತಾನೆ, ನಾವು ಗಾಜಿನ ಹಿಂದಿರುತ್ತೇವೆ, ಹಳದಿ ಬಣ್ಣದ ಹೊರತು ಅವನಿಗೆ ಏನೂ ಕಾಣುವುದಿಲ್ಲ ಎಂದುಕೊಂಡಿದ್ದೆ.

ಲಿಫ್ಟು ನಮ್ಮನ್ನು ನೇರ ಮೇಲಕ್ಕೆ ಬಿಟ್ಟಿತು. ಮೇಲೆ ಒಂದು ಸಣ್ಣ ಕೆಫೆ, ಸುತ್ತ ಕಿಟಕಿ. ಒಂದು ಕಡೆ ಊರಿನ ಹೆಂಚಿನ ಮಾಡುಗಳು, ಚರ್ಚಿನ ಗೋಪುರಗಳು. ಕೆಳಗೆ ದಂಡೆಗೆ ಕಟ್ಟಿದ ಹಳೆಯ ನಾಲ್ಕು ಕಂಬದ ಹಾಯಿಹಡಗು. ಬಲಕ್ಕೆ ಸೇತುವೆ. ಎಡಕ್ಕೆ ನದಿ ಅಗಲವಾಗುತ್ತ, ಕೆಲಸ ನಿಂತುಹೋದ ಹಡಗುಕಟ್ಟೆಯ ಕ್ರೇನನ್ನು ದಾಟಿ ಸಮುದ್ರದ ಕಡೆ ಹೋಗುತ್ತದೆ. ಆ ದಿನ ಮೋಡ ಕವಿದಿತ್ತು. ಪ್ರವಾಸಿಗಳು ಹೆಚ್ಚಿರಲಿಲ್ಲ. ಎರಡು ಮೇಜಿನಲ್ಲಿ ಮುದುಕರು ಕೂತು ಕೇಕು ತಿನ್ನುತ್ತಿದ್ದರು.

ಎರಡು ಗಂಟೆಗೆ ತಮ್ಮನ ಕರೆ ಬಂತು.

"ಅಣ್ಣಯ್ಯ, ಹಡ್ಗ್ ಮೆಟ್ಲ್ ಇಳೂದ್ ಕಂಡಿದ್ಯಾ? ಬೆಟ್ಟದ್ ಮೇಲಿಂದ, ಕಾಲುವೆಯಲ್ಲಿ ನೀರ್ ಕಟ್ಟಿ, ಖಾಲಿ ಮಾಡಿ, ಒಂದೊಂದೇ ಮೆಟ್ಲ್ ಇಳ್ಸಿದ್ರ್ ನಮ್ಮನ್ನ. ನಿನ್ನ ಕಾರಿಗೆ ಆತ್ತಾ ಇದ್?"

"ನನ್ನ ಕಾರಿಗೆ ಬಾಗ್ಲಾದ್ರೂ ಇತ್ತ್. ಎಲ್ಲಿದ್ದೆ ಈಗ?"

"ಮೂತಿಯಲ್ಲಿ. ಲಂಗರಿನ ಬದಿ ಪಾಳಿ ನಂದ್. ನೀನ್ ಎಲ್ಲಿ ನಿಂತಿದ್ದೆ ಹೇಳ್."

ಕೆಂಪು ಬಿಳಿ ಕಟ್ಟಡ, ತುದಿಯ ಸಾಲು, ನಿನ್ನ ಕಡೆಯಿಂದ ಬಲದಿಂದ ಮೂರನೆಯ ಗಾಜು, ಹಳದಿ ಸೀರೆ ಎಂದೆ. ಒಳಗಿನಿಂದ ಅದು ಎಡದಿಂದ ಮೂರನೆಯದು. ನಾನು ಅದನ್ನು ತಪ್ಪಾಗದ ಹಾಗೆ ಎರಡು ಸಲ ಹೇಳಿದೆ.

"ಮೇಟ್ ಆಫೀಸರನ ಹತ್ರ ಬೈನಾಕ್ಯುಲರ್ ಕೇಂಡ್ ಇಸ್ಕಂಡಿದೆ," ಎಂದ. "ಅತ್ತಿಗೆಗೆ ಹೇಳ್, ಚಂದ ಮಾಡಿ ನಗಾಡುಕೆ."

ಬೈನಾಕ್ಯುಲರ್ ಎಂಬ ಮಾತನ್ನು ನಾನು ಕೇಳಿದೆ. ಅದು ನನ್ನ ತಲೆಗೆ ಹೋಗಲಿಲ್ಲ. ಇದನ್ನು ಎಷ್ಟೋ ಸಲ ನನಗೆ ನಾನೇ ಕೇಳಿಕೊಂಡಿದ್ದೇನೆ. ಕೇಳಿದ್ದೆನೇ? ಕೇಳಿದ್ದೆ.

ಹೆಂಡತಿ ಸೀರೆಯನ್ನು ಗಾಜಿಗೆ ಹಿಡಿದಾಗ ಕೆಫೆಯ ಹೆಂಗಸು ಬಂದಳು. ಐವತ್ತರ ಆಸುಪಾಸು, ಬಿಳಿಯ ಮೋಟು ಕೂದಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಗಾಜಿಗೆ ಬಟ್ಟೆ ಹಾಕುವ ಹಾಗಿಲ್ಲ ಎಂದಳು. ಹೆಂಡತಿ ಆಗ ಸ್ವೀಡಿಷ್ ಕ್ಲಾಸಿಗೆ ಹೋಗುತ್ತಿದ್ದಳು. ಇವರ ತಮ್ಮ ಹಡಗಿನಲ್ಲಿ ಬರುತ್ತಿದ್ದಾನೆ, ಹಡಗು ನಿಲ್ಲುವುದಿಲ್ಲ, ಅವನಿಗೆ ಗುರುತು ಬೇಕು ಎಂದು ತಡವರಿಸಿ ವಿವರಿಸಿದಳು. ಆ ಹೆಂಗಸು ನದಿಯನ್ನೂ ಸೀರೆಯನ್ನೂ ನೋಡಿದಳು. ಆಮೇಲೆ ಹೋಗಿ ಗೋಡೆಯ ಗುಂಡಿ ಒತ್ತಿದಳು. ನಮ್ಮ ಕಿಟಕಿಯ ಮೇಲಿನ ಸಾಲುದೀಪಗಳು ಹತ್ತಿಕೊಂಡವು. ಈಗ ಚೆನ್ನಾಗಿ ಕಾಣುತ್ತೀರಿ ಎಂದಳು. ನಾವು ಅವಳಿಗೆ ಧನ್ಯವಾದ ಹೇಳಿದೆವು.

ಎರಡು ಮೂವತ್ತೈದಕ್ಕೆ ಸೇತುವೆಯ ಮೇಲೆ ಅಡ್ಡಗಂಬಗಳು ಇಳಿದವು. ಟ್ರಾಮುಗಳು ಒಂದರ ಹಿಂದೆ ಒಂದು ನಿಂತವು. ಸೇತುವೆಯ ನಡುಭಾಗ ಎದ್ದು ನಿಂತಿತು. ಅದರಡಿಯಿಂದ ನೀಲಿ ಬಣ್ಣದ, ಅಷ್ಟೇನೂ ದೊಡ್ಡದಲ್ಲದ ಹಡಗು ನಿಧಾನವಾಗಿ ಮೂತಿ ಚಾಚಿತು. ಮೂತಿಯಲ್ಲಿ ಇಬ್ಬರಿದ್ದರು, ಇಬ್ಬರಿಗೂ ಕಿತ್ತಳೆ ಬಣ್ಣದ ಮೇಲಂಗಿ, ಬಿಳಿಯ ಹೆಲ್ಮೆಟ್. ಅದರಲ್ಲಿ ಒಬ್ಬ ಕೈ ಬೀಸುತ್ತಿದ್ದ. ಮುಖ ಕಾಣುತ್ತಿರಲಿಲ್ಲ. ನಾನು ದೂರದರ್ಶಕದ ಕಡೆ ತಿರುಗಿ ಬಾಗಿದೆ. ಟೋಪಿಯ ಅಂಚು ಅದರ ಕಣ್ಣಿಗೆ ತಗುಲಿತು. ಮತ್ತೊಮ್ಮೆ ಬಾಗಿದೆ, ಮತ್ತೆ ತಗುಲಿತು. ಟೋಪಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟೆ.

ಆಗ ಅವನ ಮುಖ ಸಿಕ್ಕಿತು. ಗಡ್ಡ ಬಿಟ್ಟಿದ್ದ. ಬಿಸಿಲಿಗೆ ಕಪ್ಪಾಗಿದ್ದ. ನಗುತ್ತಿದ್ದ. ಬಲಗೈ ಮೇಲಿತ್ತು. ಎಡಗೈಯಿಂದ ಬೈನಾಕ್ಯುಲರ್ ಎತ್ತಿ ಕಣ್ಣಿಗೆ ಹಿಡಿದ. ಅದು ಮಹಡಿಯ ಸಾಲಿನಲ್ಲಿ ಸ್ವಲ್ಪ ಅತ್ತಿತ್ತ ಹೋಯಿತು. ಆಮೇಲೆ ನಿಂತಿತು. ನಾನು ಅವನನ್ನೂ ಅವನು ನನ್ನನ್ನೂ ನೋಡುತ್ತಿದ್ದೆವು.

ಬೀಸುತ್ತಿದ್ದ ಕೈ ನಿಂತಿತು. ಕೆಳಗಿಳಿಯಲಿಲ್ಲ, ಎತ್ತಿದಲ್ಲೇ ಇತ್ತು. ಬೈನಾಕ್ಯುಲರ್ ಇಳಿಸಿ ಬರಿಗಣ್ಣಿನಿಂದ ನೋಡಿದ. ಮತ್ತೆ ಎತ್ತಿದ. ಬಾಯಿ ಇನ್ನೂ ನಗುವಿನ ಆಕಾರದಲ್ಲೇ ಇತ್ತು.

"ರೀ," ಎಂದಳು ಹೆಂಡತಿ, ಮೆಲ್ಲಗೆ. "ಕ್ಯಾಪ್. ಕ್ಯಾಪ್ ಹಾಕ್ಕೊಳ್ರೀ."

ನಾನು ಕಟ್ಟೆಯ ಮೇಲಿದ್ದ ಟೋಪಿ ತೆಗೆದು ತಲೆಗೆ ಹಾಕಿಕೊಂಡೆ. ಅದೇ ಕೆಟ್ಟದ್ದಾಯಿತು. ಬರೀ ಬೋಳುತಲೆ ಕಂಡಿದ್ದರೆ ಅವನು ಏನಾದರೂ ಅಂದುಕೊಳ್ಳಬಹುದಿತ್ತು, ಸೆಕೆಗೆ ತೆಗೆಸಿದ್ದಾನೆ ಎಂದುಕೊಳ್ಳಬಹುದಿತ್ತು, ಅಥವಾ ಫೋನಿನಲ್ಲಿ ನಾನು ಇನ್ನೊಂದು ಸುಳ್ಳು ಹೇಳಬಹುದಿತ್ತು. ಅವನ ಕಣ್ಣೆದುರು ನಾನು ಅದನ್ನು ಮುಚ್ಚಿಕೊಂಡೆ. ಮತ್ತೆ ದೂರದರ್ಶಕಕ್ಕೆ ಬಾಗಲು ಆಗಲಿಲ್ಲ. ಬರಿಗಣ್ಣಿಗೆ ಕಂಡದ್ದು ಇಷ್ಟು: ಕಿತ್ತಳೆ ಬಣ್ಣದವನೊಬ್ಬ ಹೆಲ್ಮೆಟ್ ತೆಗೆದ. ಅದನ್ನು ಕಾಲ ಬಳಿ ಇಟ್ಟ. ಸುಮ್ಮನೆ ನಿಂತ.

ಫೋನ್ ರಿಂಗಾಯಿತು. ಹಡಗಿನ ಎಂಜಿನ್ ಸದ್ದು ಮೊದಲು ಕೇಳಿಸಿತು, ಆಮೇಲೆ ಅವನು.

"ಯಾರ್?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಅಪ್ಪಯ್ಯನಾ, ಅಮ್ಮನಾ? ಒಂದ್ ಹೇಳ್."

"ಅಮ್ಮ."

"ಯಾವತ್ತ್?"

"ಇವತ್ತಿಗೆ ಇಪ್ಪತ್ನಾಲ್ಕು ದಿನ."

ಅವನು ಎಣಿಸುತ್ತಿದ್ದಾನೆಂದು ನನಗೆ ಗೊತ್ತಾಯಿತು. ಕೆಳಗೆ ಹಡಗು ಹಳೆಯ ಹಾಯಿಹಡಗಿನ ಎದುರು ಬಂದಿತ್ತು, ನಮಗೆ ಅತಿ ಹತ್ತಿರ ಬರುವ ಜಾಗ ಅದೇ. ಅವನು ಮುಖವೆತ್ತಿ ನಮ್ಮ ಕಡೆಯೇ ನೋಡುತ್ತಿದ್ದ.

"ನಿನ್ನೆ ನೀನ್, ಅಮ್ಮಂಗೆ ಖುಷಿ ಆಯ್ತ್ ಅಂತ ಹೇಳ್ದೆ ಅಲ್ದಾ?"

"ಹೌದು."

"ಬುದ್ಧಿ ಬಂತ್ ಅಂದ್ಳ್ ಅಂತ ಹೇಳ್ದೆ."

"ಹೌದು."

"ಅದನ್ನ ನೀನೇ ಕಟ್ಟಿ ಹೇಳ್ದದ್ದಾ?"

ನಾನು ಹೌದು ಎಂದೆನೋ ಇಲ್ಲವೋ ನನಗೆ ನೆನಪಿಲ್ಲ. ಹೆಂಡತಿ ಹೇಳುವ ಪ್ರಕಾರ ನಾನು ತಲೆಯಾಡಿಸಿದೆ, ಫೋನಿನಲ್ಲಿ ತಲೆಯಾಡಿಸಿದರೆ ಕೇಳುತ್ತದೆ ಎಂಬ ಹಾಗೆ. ಅವನ ಪಕ್ಕದಲ್ಲಿದ್ದವನು ಏನೋ ಕೂಗಿದ. ಕರೆ ನಿಂತಿತು. ತಮ್ಮ ಬಾಗಿ ಹಗ್ಗವೊಂದನ್ನು ಎತ್ತಿ ಸುತ್ತತೊಡಗಿದ. ಅವನ ಕೈ ಹಗ್ಗದ ಮೇಲೆ ನಿಂತಿತ್ತು. ಅದನ್ನು ನಾನು ನೋಡಿದೆ. ಸುತ್ತು ಸರಿಯಾಗಿಯೇ ಬೀಳುತ್ತಿತ್ತು. ಮಾವ ಹೆದರಿದ ಹಾಗೆ ಏನೂ ಆಗಲಿಲ್ಲ.

ಹೆಂಡತಿ ಸೀರೆಯನ್ನು ಇಳಿಸಲಿಲ್ಲ. ಹಡಗು ಹಿಂಬದಿ ತೋರಿಸಿದ ಮೇಲೂ, ಕ್ರೇನಿನ ಆಚೆ ಸಣ್ಣದಾದ ಮೇಲೂ ಹಿಡಿದೇ ಇದ್ದಳು. ಸಾಕು ಎಂದೆ. "ಅವ್ರು ತಿರುಗಿ ನೋಡಿದ್ರೆ?" ಎಂದಳು. ಅವನು ತಿರುಗಿ ನೋಡಲಿಲ್ಲ, ಅಥವಾ ನೋಡಿದ್ದು ನಮಗೆ ಕಾಣಲಿಲ್ಲ. ಮೂರು ಗಂಟೆ ಇಪ್ಪತ್ತಕ್ಕೆ ಹಡಗು ದೂರದ ತೂಗುಸೇತುವೆಯಡಿ ಹೋಯಿತು.

ಕೆಫೆಯ ಹೆಂಗಸು ಎರಡು ಲೋಟ ಕಾಫಿ ತಂದಿಟ್ಟಳು. ನಾವು ಕೇಳಿರಲಿಲ್ಲ. ಅವನು ನಿಮ್ಮನ್ನು ನೋಡಿದನೇ ಎಂದು ಕೇಳಿದಳು. ನೋಡಿದ ಎಂದು ಹೆಂಡತಿ ಹೇಳಿದಳು. ಆ ಹೆಂಗಸು ನನ್ನ ಮುಖ ನೋಡಿ ಇನ್ನೇನೂ ಕೇಳದೆ, ಹೋಗಿ ದೀಪ ಆರಿಸಿದಳು.

ಮುಂದಿನ ತಿಂಗಳು ನಾನು ಒಂದು ಪರೀಕ್ಷೆ ಮಾಡಿದೆ. ಹೆಂಡತಿಯನ್ನು ಮೇಲೆ ಕಳಿಸಿ, ಅದೇ ಗಾಜಿನ ಮುಂದೆ ನಿಲ್ಲಲು ಹೇಳಿ, ಸಹೋದ್ಯೋಗಿಯಿಂದ ತಂದ ಬೈನಾಕ್ಯುಲರ್ ಹಿಡಿದು ಆಚೆ ದಂಡೆಯಲ್ಲಿ ನಿಂತೆ. ಅವತ್ತೂ ಮೋಡವಿತ್ತು. ಗಾಜಿನಿಂದ ಒಂದು ಮೊಳದೊಳಗೆ ನಿಂತವರು ಕಾಣುತ್ತಾರೆ. ದೀಪವಿದ್ದರೆ ಚೆನ್ನಾಗಿಯೇ ಕಾಣುತ್ತಾರೆ. ಅವಳ ಹಣೆಯ ಬಿಂದಿ ಕಂಡಿತು. ಅವಳು ಅಳುತ್ತಿರುವುದೂ ಕಂಡಿತು.

ತಮ್ಮ ಡಿಸೆಂಬರಿನಲ್ಲಿ ಊರಿಗೆ ಬಂದ. ಮಾವ ಅವನಿಗೆ ಕಾಲು ತೊಳೆಯಲು ನೀರು ಕೊಟ್ಟು, ಪದ್ಧತಿಯಂತೆ ಸುದ್ದಿ ಹೇಳಿದರಂತೆ. ಅವನು ಮೊದಲ ಸಲ ಕೇಳುವವನ ಹಾಗೆ ಕೇಳಿಸಿಕೊಂಡು, ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡನಂತೆ. ನಾನು ಹೇಳಿಬಿಟ್ಟಿದ್ದೆ ಎಂಬುದನ್ನು ಮಾವನಿಗಾಗಲಿ ಅಪ್ಪನಿಗಾಗಲಿ ಅವನು ತಿಳಿಸಲಿಲ್ಲ. ಆ ಸಂಜೆ ಹಡಗು ತೆರೆದ ಸಮುದ್ರಕ್ಕೆ ಬಂದ ಮೇಲೆ ಅಡುಗೆಯವನ ಕತ್ತರಿಯಿಂದ ತಾನೇ ತಲೆ ಬೋಳಿಸಿಕೊಂಡದ್ದನ್ನು ಅವನು ಹೇಳಿದ್ದು ನನ್ನ ಹೆಂಡತಿಗೆ. ಅವಳು ನನಗೆ ಹೇಳಿದಳು. ಅಮ್ಮ ನೋಡಿದ್ದ ಹೆಣ್ಣಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಅವನು ನನ್ನ ಮೇಲೆ ಕೋಪ ಮಾಡಿಕೊಂಡವನಲ್ಲ. ನನ್ನ ಕಾರಿನ ತಮಾಷೆ ಈಗಲೂ ಮಾಡುತ್ತಾನೆ. ೨೦೦೯ರಲ್ಲಿ ಅಪ್ಪ ತೀರಿಕೊಂಡಾಗಲೂ ಅವನು ಹಡಗಿನಲ್ಲಿದ್ದ. ಮಾವ ಆಗಲೇ ಇರಲಿಲ್ಲ, ತಡೆಯುವವರು ಯಾರೂ ಇರಲಿಲ್ಲ. ನಾನು ಹಡಗಿನ ಕಂಪನಿಗೆ ಫೋನ್ ಮಾಡಿ, ಅವರಿಂದ ಹಡಗಿನ ನಂಬರ್ ಪಡೆದು, ಅವನನ್ನು ಫೋನಿಗೆ ಕರೆಸಿ, ಒಂದೇ ವಾಕ್ಯದಲ್ಲಿ ಹೇಳಿದೆ. ಅಪ್ಪಯ್ಯ ಇವತ್ತು ಬೆಳಿಗ್ಗೆ ಹೋದರು ಎಂದೆ.

ಅವನು ಹೇಳಿದ್ದು ಇಷ್ಟು.

"ಅತ್ತಿಗೆಗೆ ಕೊಡ್."

ನಾನು ಕೊಟ್ಟೆ. ಅವಳು ಹೌದು ಎಂದಳು. ಅವಳು ಹೌದು ಎಂದ ಮೇಲೆ ಅವನು ಅತ್ತದ್ದು ನನಗೂ ಕೇಳಿಸಿತು.

ಆ ಶನಿವಾರ ಆ ಗಾಜಿನ ಎರಡೂ ಬದಿಯಿಂದ ನಡೆದದ್ದನ್ನು ಕಂಡವರು ಇವರು: ನಾನು, ಸೀರೆ ಹಿಡಿದಿದ್ದ ನನ್ನ ಹೆಂಡತಿ, ದೀಪ ಹಾಕಿದ, ಈಗ ನಿವೃತ್ತಳಾಗಿರುವ, ಒಮ್ಮೆ ಟ್ರಾಮಿನಲ್ಲಿ ಸಿಕ್ಕಿ ನಿನ್ನ ತಮ್ಮ ಹೇಗಿದ್ದಾನೆ ಎಂದು ಕೇಳಿದ ಕೆಫೆಯ ಹೆಂಗಸು, ಮತ್ತು ಹಡಗಿನ ಮೂತಿಯಲ್ಲಿ ನಿಂತಿದ್ದ ನನ್ನ ತಮ್ಮ.